ಮಾಸ್ಕಿನ ಪಟ್ಟಿ ಮೂಸುವ ನಳಿನಾಕ್ಷಿ

ಹದಿನೇಳನೆಯ ಪಟ್ಟಿಯನ್ನು ಮೂಸಿ ನೋಡುವ ಹೊತ್ತಿಗೆ ಕಾಪುವಿನ ದೀಪಸ್ತಂಭದ ಬೆಳಕು ಆರಿದೆ. ಹಗಲು ಇನ್ನೂ ಪೂರ್ತಿ ಬಂದಿಲ್ಲ. ನಳಿನಾಕ್ಷಿಯವರು ಸಿಮೆಂಟಿನ ತೊಟ್ಟಿಯ ಅಂಚಿನಲ್ಲಿ ಕುಳಿತಿದ್ದಾರೆ. ಮಡಿಲಲ್ಲಿ ನೀರಿನೊಳಗೆ ಹಾಕುವ ಗಾಜಿನ ಮಾಸ್ಕ್. ತಲೆಯ ಹಿಂದೆ ಬಿಗಿಯುವ ಅದರ ಪಟ್ಟಿಯನ್ನು ಎರಡೂ ಕೈಯಲ್ಲಿ ಎಳೆಯುತ್ತಾರೆ, ಬಿಡುತ್ತಾರೆ, ಮತ್ತೆ ಎಳೆಯುತ್ತಾರೆ. ಹೆಬ್ಬೆರಳಿನಿಂದ ಉದ್ದಕ್ಕೂ ಸವರುತ್ತಾರೆ. ಆಮೇಲೆ, ಬಂಗುಡೆ ತಾಜಾ ಹೌದೋ ಅಲ್ಲವೋ ಎಂದು ನೋಡುವವರ ಹಾಗೆ, ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸುತ್ತಾರೆ. ಸರಿಯಿದ್ದರೆ ಎಡಗಡೆಯ ಹಗ್ಗಕ್ಕೆ. ಸಂಶಯ ಬಂದರೆ ಬಲಗಡೆಯ ಬುಟ್ಟಿಗೆ.

"ಮೂಸುದು ಎಂತಕ್ಕೆ ಅಂತ ಬಂದವರೆಲ್ಲ ಕೇಳ್ತಾರೆ," ಎನ್ನುತ್ತಾರೆ, ತಲೆಯೆತ್ತದೆ. "ಅಭ್ಯಾಸ ಅಂತ ಹೇಳಿಬಿಡುದು."

ತೊಟ್ಟಿಯ ಮೇಲಿನ ಗೋಡೆಯಲ್ಲಿ ಒಂದು ಮೊಳೆ. ಅದರಲ್ಲಿ ತುಂಡಾದ ಕಪ್ಪು ಪಟ್ಟಿಯೊಂದು ಎರಡು ವರ್ಷದಿಂದ ನೇತಾಡುತ್ತಿದೆ. ಅಂಗಡಿಯ ಯಜಮಾನ ರೂಪೇಶ್ ಅದನ್ನು ಎಸೆಯಲು ಹೋದಾಗಲೆಲ್ಲ "ಇರಲಿ, ಅಳತೆಗೆ ಬೇಕು" ಎಂದು ತಡೆದವರು ಇವರೇ.

ದೀಪಸ್ತಂಭದಿಂದ ಸ್ವಲ್ಪ ಉತ್ತರಕ್ಕೆ, ತೆಂಗಿನ ಮರಗಳ ನಡುವೆ, ಮೊದಲು ಬಲೆ ಇಡುತ್ತಿದ್ದ ಶೆಡ್ಡಿನಲ್ಲಿ ಈ ಅಂಗಡಿ ಇದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಇಲ್ಲಿಂದ ಜನ ದೋಣಿಯಲ್ಲಿ ಹೋಗಿ, ಬಂಡೆಗಳ ಪಕ್ಕದಲ್ಲಿ ಸಮುದ್ರಕ್ಕೆ ಇಳಿದು, ಐದಾರು ಮೀಟರ್ ಆಳದಲ್ಲಿ ಮೀನು ನೋಡಿ ಬರುತ್ತಾರೆ. ವಾರದ ದಿನಗಳಲ್ಲಿ ಹತ್ತು ಹನ್ನೆರಡು ಮಂದಿ, ಭಾನುವಾರ ಮೂವತ್ತು. ಒಬ್ಬೊಬ್ಬರಿಗೆ ಮಾಸ್ಕ್, ಸೂಟು, ಬೂಟು, ಕಾಲಿಗೆ ಮೀನಿನ ರೆಕ್ಕೆಯಂಥ ಫಿನ್, ಗಾಳಿ ತುಂಬುವ ಜಾಕೆಟ್, ಉಸಿರಿನ ಕೊಳವೆ, ಸೀಸದ ಬೆಲ್ಟು. ಇಷ್ಟನ್ನೂ ಯಾರಿಗೆ ಯಾವುದು ಎಂದು ಆರಿಸಿ ಕೊಡುವವರು, ಸಂಜೆ ಸಿಹಿನೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಹಾಕುವವರು ಒಬ್ಬರೇ. ಮೊಬೈಲಿನಲ್ಲಿ ಹರಿದಾಡುವ ಫೋಟೋಗಳಲ್ಲಿ ಮೀನು ಇರುತ್ತದೆ, ಬಂದವರು ಇರುತ್ತಾರೆ, ನೀರಿನಲ್ಲಿ ಕೈಹಿಡಿದು ನಡೆಸುವ ಮ್ಯಾಥ್ಯೂ ಇರುತ್ತಾರೆ. ಒದ್ದೆ ಸೀರೆಯ ಸೆರಗು ಸಿಕ್ಕಿಸಿಕೊಂಡ ನಲವತ್ತೊಂಬತ್ತರ ನಳಿನಾಕ್ಷಿ ಒಂದರಲ್ಲೂ ಇಲ್ಲ.

ಅವರು ಕೆಮ್ಮಣ್ಣು ಊರಿನ ಮಗಳು, ಕಾಪುವಿನ ಸೊಸೆ. ಹದಿನೆಂಟು ವರ್ಷ ಮೀನಿನ ಬುಟ್ಟಿ ಹೊತ್ತು ಉಡುಪಿಯ ಮಾರುಕಟ್ಟೆಯಲ್ಲಿ ಕುಳಿತವರು. ಮೊಣಕಾಲು ಕೈಕೊಟ್ಟಾಗ ಬುಟ್ಟಿ ಇಳಿಸಬೇಕಾಯಿತು. ಗಂಡ ಕಿಟ್ಟ ಇದೇ ಅಂಗಡಿಯ ದೋಣಿ ಓಡಿಸುತ್ತಿದ್ದರು. ಆರು ವರ್ಷದ ಹಿಂದೆ ಬಟ್ಟೆ ತೊಳೆಯಲು ಎಂದು ಇವರೂ ಬಂದರು. ಒಂದೇ ತಿಂಗಳಲ್ಲಿ ರೂಪೇಶರಿಗೆ ಒಂದು ವಿಷಯ ಗೊತ್ತಾಯಿತು. ಬಾಗಿಲು ದಾಟಿ ಬಂದವರನ್ನು ನೋಡಿದ ಕೂಡಲೇ ಅವರ ತೂಕವನ್ನು ನಳಿನಾಕ್ಷಿ ಒಂದು ಕಿಲೋ ಆಚೆ ಈಚೆಗೆ ಸರಿಯಾಗಿ ಹೇಳುತ್ತಾರೆ.

"ಅಂಜಲ್ ಮೀನು ನೋಡಿ ಎಷ್ಟು ಕೆಜಿ ಅಂತ ಹೇಳ್ತಿದ್ದೆ," ಎಂದು ನಗುತ್ತಾರೆ. "ಮನುಷ್ಯರದ್ದು ಕಷ್ಟ ಎಂತ? ಹೊಟ್ಟೆ ಒಳಗೆ ಎಳೆದುಕೊಳ್ತಾರೆ, ಅದೊಂದು ಲೆಕ್ಕಕ್ಕೆ ಸೇರಿಸಬೇಕು, ಅಷ್ಟೇ."

ಇಲ್ಲಿನ ನೀರು ಜನವರಿಯಲ್ಲೂ ಇಪ್ಪತ್ತೇಳು, ಇಪ್ಪತ್ತೆಂಟು ಡಿಗ್ರಿ. ಬಂದವರಿಗೆ ಅದು ನಂಬಿಕೆಯಾಗುವುದಿಲ್ಲ. ಸಮುದ್ರದ ಅಡಿಯೆಂದರೆ ಮಂಜುಗಡ್ಡೆ ಎಂದುಕೊಂಡು ದಪ್ಪ ಸೂಟು ಕೇಳುತ್ತಾರೆ. "ದಪ್ಪದ್ದು ಹಾಕಿದ್ರೆ ದೋಣಿಯಲ್ಲೇ ಬೇಯ್ತಾರೆ. ಮತ್ತೆ ಅದು ಸ್ಪಂಜಿನ ಹಾಗೆ ಅಲ್ವಾ, ತೇಲ್ತದೆ. ಮುಳುಗಿಸ್ಲಿಕ್ಕೆ ಇನ್ನೂ ನಾಲ್ಕು ಕೆಜಿ ಸೀಸ ಕಟ್ಟಬೇಕು. ಸೊಂಟ ಯಾರದ್ದು? ಅವರದ್ದೇ." ಹಾಗೆಂದು ಬನಿಯನ್ ಚಡ್ಡಿಯಲ್ಲಿ ಇಳಿಯುತ್ತೇನೆ ಎನ್ನುವ ಕಾಲೇಜು ಹುಡುಗರಿಗೂ ಅವರು ಒಪ್ಪುವುದಿಲ್ಲ. ಬಂಡೆಗೆ ಕಚ್ಚಿಕೊಂಡ ಪಚ್ಚಿಲೆಯ ಚಿಪ್ಪು ಬ್ಲೇಡಿನಂತೆ ಗೀರುತ್ತದೆ. ಲೋಳೆಮೀನು ತಾಗಿದರೆ ಎರಡು ದಿನ ಉರಿ. ತೆಳುವಾದ, ಪೂರ್ತಿ ತೋಳು, ಪೂರ್ತಿ ಕಾಲಿನ ಸೂಟೇ ಆಗಬೇಕು. ಬಂಡೆಯ ಮೇಲೆ ಕಾಲಿಡಲು ಮೃದು ಬೂಟು, ಅದರ ಮೇಲೆ ಹಿಂದಿನಿಂದ ಬಿಗಿಯುವ ಫಿನ್. ಮಾಸ್ಕಿನದು ಬೇರೆಯೇ ಪರೀಕ್ಷೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಲ್ಲಿ ಸ್ವಲ್ಪ ಉಸಿರೆಳೆದು, ಕೈ ಬಿಡಬೇಕು. ಬೀಳದೆ ನಿಂತರೆ ಅದು ಆ ಮುಖದ್ದು. ಮೀಸೆಯವರಿಗೆ ಅದು ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. "ಮೀಸೆ ತೆಗೀರಿ ಅಂತ ಹೇಳ್ಲಿಕ್ಕೆ ನಾನು ಯಾರು? ಹೆಂಡತಿಯ ಮುಖ ನೋಡ್ತೇನೆ, ಅವರೇ ಹೇಳ್ತಾರೆ."

ಹೆಂಗಸರದು ಮತ್ತೊಂದು ಸಂಕಟ. ಒಮ್ಮೆ ಕಾರ್ಕಳದಿಂದ ಸ್ವಸಹಾಯ ಸಂಘದ ಐದು ಮಂದಿ ಬಂದಿದ್ದರು. ಸೂಟು ಹಾಕಿಕೊಂಡರು, ಕನ್ನಡಿ ನೋಡಿದರು, ಮೈಗೆ ಅಂಟುವ ಆ ಬಟ್ಟೆಯಲ್ಲಿ ಗಂಡಸರ ಎದುರು ದೋಣಿಯವರೆಗೆ ನಡೆಯಲಾರೆವೆಂದು ಬದಲಿಸುವ ಕೋಣೆಯಿಂದಲೇ ತಿರುಗಿ ಹೋದರು. ಒಂದೆರಡು ಸೈಜು ದೊಡ್ಡದು ಕೊಡಿ ಎಂದು ಅಂಗಲಾಚಿದ ಒಬ್ಬರ ಮುಖ ನಳಿನಾಕ್ಷಿಯವರಿಗೆ ಇನ್ನೂ ಮರೆತಿಲ್ಲ. ಸಡಿಲ ಸೂಟಿನೊಳಗೆ ನೀರು ಆಡಿ ಕಂಕುಳು ಸುಲಿದುಹೋಗುತ್ತದೆ, ಕೊಡುವಂತಿಲ್ಲ. ಆ ವಾರವೇ ಹಳೆಯ ಹತ್ತಿ ಸೀರೆಗಳನ್ನು ಕತ್ತರಿಸಿ ಮೊಣಕಾಲು ಮುಚ್ಚುವ ಹನ್ನೆರಡು ಮೇಲಂಗಿ ಹೊಲಿದರು. ಸೂಟಿನ ಮೇಲೆ ಅದನ್ನು ತೊಟ್ಟು ದೋಣಿಯವರೆಗೆ ನಡೆಯುವುದು. ದೋಣಿಯ ಬದಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದೊಂದಾಗಿ ಇವರು ಬಿಚ್ಚಿಸಿಕೊಳ್ಳುವುದು. ಮರಳಿ ಬರುವಾಗ ಅದೇ ಜಾಗದಲ್ಲಿ ನಿಂತು ತೊಡಿಸುವುದು. ಅಲ್ಲಿಂದೀಚೆಗೆ ಕೋಣೆಯಿಂದ ತಿರುಗಿ ಹೋದ ಹೆಂಗಸು ಒಬ್ಬರೂ ಇಲ್ಲ.

ಕೊನೆಯದಾಗಿ ಒಂದು ನಿಯಮ, ಬುಕ್ ಮಾಡಿದವರಿಗೆಲ್ಲ ಹಿಂದಿನ ದಿನವೇ ಮೆಸೇಜು ಹೋಗುತ್ತದೆ: ನಾಳೆ ನೀರಿಗಿಳಿಯುವವರು ಇವತ್ತು ತಲೆಗೆ ಎಣ್ಣೆ ಹಾಕಬಾರದು. ಅದು ನಳಿನಾಕ್ಷಿ ಹೇಳಿ ರೂಪೇಶ್ ಬರೆದದ್ದು.

ರೂಪೇಶ್ ಒಳಗಿನಿಂದ ಮೊಬೈಲ್ ನೋಡುತ್ತಾ ಬರುತ್ತಾರೆ. "ನಳಿನಕ್ಕ, ಇವತ್ತು ಆರು ಜನ. ಮಣಿಪಾಲದಿಂದ ಐದು ಕಾಲೇಜಿನವರು. ಮತ್ತೊಬ್ಬರು ಮನೋರಮಾ ಟೀಚರ್, ಕಟಪಾಡಿಯವರು. ನೆನಪುಂಟಾ?"

ಪಟ್ಟಿ ಎಳೆಯುತ್ತಿದ್ದ ಕೈ ನಿಲ್ಲುತ್ತದೆ.

"ಉಂಟು," ಎನ್ನುತ್ತಾರೆ.

ನೆನಪಿಲ್ಲದೆ ಹೇಗೆ? ಎರಡು ವರ್ಷದ ಹಿಂದೆ ಮನೋರಮಾ ಟೀಚರ್ ಮೊದಲ ಸಲ ಬಂದಾಗ ನೀರಿನಡಿಯಲ್ಲಿ ನಾಲ್ಕು ನಿಮಿಷವೂ ಇರಲಿಲ್ಲ. ಮಾಸ್ಕ್ ಮುಖದಿಂದ ಕಳಚಿ, ಮೂಗಿಗೆ ಉಪ್ಪುನೀರು ಹೋಗಿ, ಕೈಕಾಲು ಬಡಿದು, ಮ್ಯಾಥ್ಯೂ ಅವರನ್ನು ಮೇಲಕ್ಕೆ ಎತ್ತಿಕೊಂಡು ಬರಬೇಕಾಯಿತು. ಟೀಚರ್ ಹೆದರಿ ಮಾಸ್ಕ್ ಕಿತ್ತುಕೊಂಡರು, ಆ ಎಳೆದಾಟದಲ್ಲಿ ಪಟ್ಟಿ ತುಂಡಾಯಿತು ಎಂದು ಮ್ಯಾಥ್ಯೂ ಹೇಳಿದರು. ರೂಪೇಶ್ ಹಾಗೆಂದೇ ನಂಬಿದರು. ಟೀಚರ್ ಕೂಡ ನಂಬಿದರು. ಮರುವರ್ಷ ಮತ್ತೆ ಬಂದವರು ದೋಣಿಯ ಹತ್ತಿರದವರೆಗೆ ನಡೆದು, ತನ್ನಿಂದಾಗದು ಎಂದು ವಾಪಸು ಹೋದರು. ಇದು ಮೂರನೆಯ ಸಲ.

ಆ ಮೊದಲ ದಿನದ ಸಂಜೆ ಮಾಸ್ಕ್ ತೊಳೆಯುವಾಗ ನಳಿನಾಕ್ಷಿ ತುಂಡಾದ ಅಂಚನ್ನು ಮುಟ್ಟಿ ನೋಡಿದ್ದರು. ಎಳೆದು ಹರಿದ ರಬ್ಬರಿನ ಅಂಚು ಹಾಗಿರುವುದಿಲ್ಲ. ಅದು ಉಬ್ಬಿತ್ತು. ಬೆರಳಿಗೆ ಜಿಗುಟಾಗಿ ಅಂಟಿತು. ಮೂಸಿದರು. ತೆಂಗಿನೆಣ್ಣೆ.

ಅದು ಅವರದೇ ಕೈಯ ಎಣ್ಣೆ. ಆ ಸಲ ಮಳೆಗಾಲಕ್ಕೆ ಅಂಗಡಿ ಮುಚ್ಚುವಾಗ, ಕಡಲಿನ ಮನೆಗಳಲ್ಲಿ ಕತ್ತಿ, ಬೀಗ, ಹೊಲಿಗೆ ಮಿಷನ್ನು, ಎಲ್ಲಕ್ಕೂ ಉಪ್ಪುಗಾಳಿ ತಾಗದಿರಲಿ ಎಂದು ಎಣ್ಣೆ ಸವರಿಡುವ ಹಾಗೆ, ಮಾಸ್ಕಿನ ಪಟ್ಟಿಗಳಿಗೂ ಸವರಿ ಇಟ್ಟಿದ್ದರು. ಯಾರೂ ಹೇಳಿರಲಿಲ್ಲ, ಪ್ರೀತಿಯಿಂದ ಮಾಡಿದ್ದು. ಆಗ ಇದ್ದದ್ದು ಹಳೆಯ ರಬ್ಬರಿನ ಪಟ್ಟಿಗಳು. ಆರು ತಿಂಗಳಲ್ಲಿ ಎಣ್ಣೆ ಒಳಗಿನಿಂದ ತಿಂದುಹಾಕಿತ್ತು. ಅಂಗಡಿ ತೆರೆದಾಗ ಹಾಳಾಗಿ ಕಂಡ ಹತ್ತನ್ನು ಬದಲಿಸಿದರು. ಚೆನ್ನಾಗಿಯೇ ಕಂಡ ಒಂದು, ಟೀಚರ ತಲೆಗೆ ಹೋಯಿತು.

ಆ ರಾತ್ರಿ ಹೇಳಬೇಕೆಂದುಕೊಂಡರು. ಮರುದಿನ ಹೇಳಬೇಕೆಂದುಕೊಂಡರು. ದಿನ ಹೋದ ಹಾಗೆ ಹೇಳುವ ಮಾತು ಭಾರವಾಗುತ್ತಾ ಹೋಯಿತು. ಕೊನೆಗೆ ಪಟ್ಟಿಯನ್ನು ಮೊಳೆಗೆ ತೂಗುಹಾಕಿ, ಪ್ರತಿ ಬೆಳಿಗ್ಗೆ ಅದರ ಎದುರು ಕೂತು ಉಳಿದವನ್ನು ಮೂಸುವುದಷ್ಟೇ ಉಳಿಯಿತು. ಪ್ರತಿ ನವೆಂಬರಿನಲ್ಲಿ ರೂಪೇಶ್ ಕೇಳುತ್ತಾರೆ, "ನಳಿನಕ್ಕ, ಈ ಸಲವಾದರೂ ಒಮ್ಮೆ ಇಳೀರಿ. ದುಡ್ಡು ಕೊಡುದು ಬೇಡ, ಎಂತ ಬೇಡ." ಮೊದಲ ವರ್ಷಗಳಲ್ಲಿ ಭಯವಿತ್ತು. ಆಮೇಲೆ ಅದಲ್ಲ. ತನ್ನಿಂದ ಒಬ್ಬರ ನೀರು ತಪ್ಪಿರುವಾಗ ತಾನು ಹೋಗಿ ಮೀನು ನೋಡಿ ಬರುವುದು ಹೇಗೆ ಎಂಬ ಲೆಕ್ಕ. "ಮುಂದಿನ ಸಲ," ಎಂದುಬಿಡುತ್ತಾರೆ.

ಎಂಟೂವರೆಗೆ ಮನೋರಮಾ ಟೀಚರ್ ಆಟೋದಿಂದ ಇಳಿಯುತ್ತಾರೆ. ಅರುವತ್ತೊಂದು ವರ್ಷ, ಬಾಚಿ ಬಿಗಿದ ಎಣ್ಣೆಯಿಲ್ಲದ ಕೂದಲು, ಕೈಯಲ್ಲಿ ನೀರಿಗಿಳಿಯಬಹುದೆಂದು ಮಣಿಪಾಲದ ಡಾಕ್ಟರು ಕೊಟ್ಟ ಚೀಟಿ, ಹೆಗಲಿಗೆ ಮೊಣಕಾಲು ಮುಟ್ಟುವ ದೊಡ್ಡ ಚೀಲ. ಚೀಲದಲ್ಲಿ ಹೊಚ್ಚ ಹೊಸ ಸೂಟು. ದುಬೈಯಲ್ಲಿರುವ ಮಗ ರಿತೇಶ್ ಕಳಿಸಿದ್ದು.

"ಅವನೂ ಅಲ್ಲಿ ಡೈವಿಂಗ್ ಮಾಡ್ತಾನೆ. ಒಳ್ಳೆಯ ಕಂಪೆನಿಯದ್ದಂತೆ. ಅಮ್ಮ, ಇದನ್ನೇ ಹಾಕಿಕೋ, ಬಾಡಿಗೆಯದ್ದು ಮುಟ್ಟಬೇಡ ಅಂದಿದ್ದಾನೆ."

ನಳಿನಾಕ್ಷಿ ಬಟ್ಟೆಯನ್ನು ಎರಡು ಬೆರಳಿನ ನಡುವೆ ಹಿಡಿದು ನೋಡುತ್ತಾರೆ. ಐದು ಎಂಎಂ. ಚಳಿಗಾಲದಲ್ಲಿ ತಣ್ಣಗಾಗುವ ಅಲ್ಲಿನ ನೀರಿಗೆ ಸರಿ. ಕಾಪುವಿನ ನೀರಿಗೆ ಕಂಬಳಿ ಹೊದ್ದ ಹಾಗೆ. ಬೇಡ ಎಂದರೆ ಮಗನ ಪ್ರೀತಿಯನ್ನು ಬೇಡ ಎಂದಂತೆ. ಅವರು ಹಾಗೆನ್ನುವುದಿಲ್ಲ.

"ಒಳ್ಳೆದುಂಟು ಟೀಚರ್. ಹಾಕಿ ನೋಡುವ."

ಇಬ್ಬರೂ ಸೇರಿ ಕಾಲು ಗಂಟೆ ಎಳೆದ ಮೇಲೆ ಟೀಚರ್ ಸೂಟಿನೊಳಗೆ ಸೇರುತ್ತಾರೆ. "ಈಗ ಇಲ್ಲಿ ಕೂತಿರಿ, ಆಯ್ತಾ. ಐದು ನಿಮಿಷ. ಮೈಗೆ ಅಭ್ಯಾಸ ಆಗ್ಲಿ," ಎಂದು ನಳಿನಾಕ್ಷಿ ಅವರನ್ನು ಅಂಗಳದ ಬೆಂಚಿನಲ್ಲಿ ಕೂರಿಸಿ, ಮಣಿಪಾಲದ ಹುಡುಗಿಯರಿಗೆ ಬೂಟು ಹುಡುಕಲು ಹೋಗುತ್ತಾರೆ. ಮೂರು ನಿಮಿಷಕ್ಕೇ ಕರೆ ಬರುತ್ತದೆ.

"ನಳಿನಾಕ್ಷಿ, ಇದರಲ್ಲಿ ನಾನು ಕಡುಬಿನ ಹಾಗೆ ಬೇಯ್ತಾ ಇದ್ದೇನೆ ಮಾರಾಯ್ತಿ."

"ಹೌದಾ? ಮತ್ತೆ ಎಂತ ಮಾಡುದು?"

"ನೀವೇ ಹೇಳಿ. ಅವನಿಗೆ ಬೇಜಾರಾಗ್ತದೆ."

"ಒಂದು ಫೋಟೋ ತೆಗೆಯುವ. ನಗಾಡ್ಲಿಕ್ಕೆ ಆಗ್ತದಾ? ಹಾಂ, ಹಾಗೆ. ಸಮುದ್ರ ಹಿಂದೆ ಕಾಣ್ಲಿ. ಇದನ್ನು ದುಬೈಗೆ ಕಳಿಸಿ. ಮತ್ತೆ ತೆಳುವಿನದ್ದು ಹಾಕುವ. ನೀರಿನ ಒಳಗೆ ಯಾವುದು ಹಾಕಿದ್ರಿ ಅಂತ ಅವರಿಗೆ ಯಾರು ಹೇಳ್ತಾರೆ?"

ಟೀಚರ್ ಮೊದಲು ಅವರನ್ನು ನೋಡುತ್ತಾರೆ, ಆಮೇಲೆ ಭುಜ ಕುಲುಕಿ ನಗುತ್ತಾರೆ. ಫೋಟೋ ದುಬೈಗೆ ಹೋಗುತ್ತದೆ. ಮಗ ಎರಡು ಹೆಬ್ಬೆರಳು ಕಳಿಸುತ್ತಾನೆ.

ತೆಳು ಸೂಟು, ಮೇಲಂಗಿ, ಮೂರು ಕಿಲೋ ಸೀಸ. ಉಳಿದದ್ದು ಮಾಸ್ಕ್. ನಳಿನಾಕ್ಷಿ ಮೂರನ್ನು ಎತ್ತಿಕೊಂಡು ಬರುವಾಗ ಟೀಚರ್ ಸೀದಾ ಕುಳಿತು, ಕೈಗಳನ್ನು ತೊಡೆಯ ಮೇಲೆ ಕಟ್ಟಿಕೊಂಡಿದ್ದಾರೆ. ನಗು ಇಲ್ಲ.

"ಯಾವುದಾದರೂ ಕೊಡಿ," ಎನ್ನುತ್ತಾರೆ. "ಮಾಸ್ಕಿನಲ್ಲಿ ಎಂತ ಇಲ್ಲ. ತಪ್ಪು ಇರುದು ನನ್ನ ಮನಸ್ಸಿನಲ್ಲಿ. ಮೂವತ್ತು ವರ್ಷ ಭೂಗೋಳ ಕಲಿಸಿದೆ. ಭೂಮಿಯ ಮುಕ್ಕಾಲು ಪಾಲು ನೀರು ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು, ನಾಲ್ಕು ನಿಮಿಷ ಒಳಗೆ ಇರ್ಲಿಕ್ಕೆ ಆಗ್ಲಿಲ್ಲ. ನಮ್ಮ ಮನೆಯವರು ಈಗಲೂ ಕೆಲಸದವಳಿಗೆ ಹೇಳ್ತಾರೆ, ಇವಳ ಹತ್ತಿರ ಬಕೆಟ್ ಇಡುವಾಗ ಜಾಗ್ರತೆ, ಮುಳುಗ್ತಾಳೆ ಅಂತ. ನಾನೂ ನಗ್ತೇನೆ. ಎಂತ ಮಾಡುದು, ಹೌದಲ್ವಾ. ಇವತ್ತೂ ಹಾಗೇ ಆದ್ರೆ ಇನ್ನು ನಾನು ಈ ಕಡೆಗೆ ಬರುದಿಲ್ಲ."

ನಳಿನಾಕ್ಷಿಯವರಿಗೆ ಆ ಗಳಿಗೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ: ಸೂಟು ಸರಿಯಾದದ್ದು ಕೊಟ್ಟರೂ, ಸೀಸ ಸರಿಯಾಗಿ ತೂಗಿದರೂ, ತನ್ನ ಧೈರ್ಯವೇ ಸಾಲದು ಎಂದು ನಂಬಿಕೊಂಡು ಇಳಿದ ಹೆಂಗಸು ಮತ್ತೆ ನಾಲ್ಕನೆಯ ನಿಮಿಷಕ್ಕೆ ಮೇಲೆ ಬರುತ್ತಾರೆ. ಅದನ್ನು ತಡೆಯುವ ಮಾಸ್ಕ್ ಯಾವ ಹಗ್ಗದಲ್ಲೂ ಇಲ್ಲ. ಎರಡು ಮಾರು ಆಚೆ ರೂಪೇಶ್ ಸಿಲಿಂಡರಿನ ಗಾಳಿ ನೋಡುತ್ತಿದ್ದಾರೆ. ಹೇಳಿದರೆ ಅವರಿಗೂ ಕೇಳಿಸುತ್ತದೆ. ಆರು ವರ್ಷ ತಾನು ಮಾಡಿದ ಕೆಲಸ, ಅದರ ಮೇಲೆ ಅವರು ಇಟ್ಟ ನಂಬಿಕೆ, ಎರಡೂ ಹೋಗಬಹುದು.

ನಳಿನಾಕ್ಷಿ ತೊಟ್ಟಿಯ ಹತ್ತಿರ ಹೋಗಿ, ಮೊಳೆಯಿಂದ ತುಂಡು ಪಟ್ಟಿ ತೆಗೆದು ತಂದು, ಟೀಚರ ಕೈಯಲ್ಲಿ ಇಡುತ್ತಾರೆ.

"ಇದು ನಿಮ್ಮದು. ಮೊದಲ ಸಲದ್ದು. ಮುಟ್ಟಿ ನೋಡಿ, ಇದು ನೀವು ಎಳೆದು ಹರಿದದ್ದಲ್ಲ. ಮಳೆಗಾಲದಲ್ಲಿ ನಾನು ತೆಂಗಿನೆಣ್ಣೆ ಹಾಕಿಟ್ಟಿದ್ದೆ. ರಬ್ಬರಿಗೆ ಎಣ್ಣೆ ಆಗುದಿಲ್ಲ ಅಂತ ನನಗೆ ಗೊತ್ತಿರ್ಲಿಲ್ಲ. ನೀರಿನ ಒಳಗೆ ಅದಾಗಿಯೇ ತುಂಡಾಯ್ತು, ಮತ್ತೆ ನೀವು ಹೆದರಿದ್ದು. ಮುಖಕ್ಕೆ ನೀರು ಬಂದ್ರೆ ಯಾರಾದರೂ ಹೆದರ್ತಾರೆ. ತಪ್ಪು ನನ್ನದು, ಟೀಚರ್. ಎರಡು ವರ್ಷ ಹೇಳ್ಲಿಲ್ಲ, ಅದೂ ನನ್ನದೇ."

ಸಿಲಿಂಡರಿನ ಸದ್ದು ನಿಲ್ಲುತ್ತದೆ. ಮನೋರಮಾ ಟೀಚರ್ ಪಟ್ಟಿಯ ಉಬ್ಬಿದ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಮೂಗಿಗೆ ಹಿಡಿಯುತ್ತಾರೆ. ಎರಡು ವರ್ಷದ ಮೇಲೆ ವಾಸನೆ ಇರುವುದಿಲ್ಲ, ಆದರೂ ಹಿಡಿಯುತ್ತಾರೆ.

"ಎರಡು ವರ್ಷ," ಎನ್ನುತ್ತಾರೆ ನಿಧಾನವಾಗಿ. "ಎರಡು ವರ್ಷ ನಾನು ಬಕೆಟಿನ ಮಾತು ಕೇಳಿದ್ದೇನೆ, ನಳಿನಾಕ್ಷಿ."

"ಹೌದು ಟೀಚರ್."

"ಶಾಲೆಯಲ್ಲಿ ಆಗಿದ್ರೆ ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ."

"ನಿಲ್ತೇನೆ," ಎನ್ನುತ್ತಾರೆ ನಳಿನಾಕ್ಷಿ. ತಮಾಷೆಗಲ್ಲ.

ಟೀಚರ್ ಪಟ್ಟಿಯನ್ನು ತಮ್ಮ ವ್ಯಾನಿಟಿ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯುತ್ತಾರೆ. "ಇದು ನನಗೆ ಬೇಕು. ಮನೆಯಲ್ಲಿ ತೋರಿಸ್ಲಿಕ್ಕೆ ಉಂಟು. ಈಗ ಸರಿಯಾದ ಒಂದು ಮಾಸ್ಕ್ ಹುಡುಕಿ. ಅವಸರ ಬೇಡ."

ಮೂರನೆಯದು ಅವರ ಮುಖಕ್ಕೆ ಕೈ ಬಿಟ್ಟರೂ ನಿಲ್ಲುತ್ತದೆ.

ದೋಣಿ ಹೊರಡುವ ಹೊತ್ತಿಗೆ, ಮೇಲಂಗಿಗಳನ್ನು ತೋಳಿಗೆ ಹಾಕಿಕೊಂಡು ನೀರಿನಲ್ಲಿ ನಿಂತ ನಳಿನಾಕ್ಷಿಯ ಪಕ್ಕಕ್ಕೆ ರೂಪೇಶ್ ಬರುತ್ತಾರೆ.

"ಅಳತೆಗೆ ಬೇಕು ಅಂತ ಹೇಳಿದ್ದು ಸುಳ್ಳಾ?"

"ಸುಳ್ಳು."

"ಆ ಹಳೆ ಪಟ್ಟಿಗಳನ್ನು ಸೆಕೆಂಡ್ ಹ್ಯಾಂಡ್ ತಂದದ್ದು ನಾನು. ಎಣ್ಣೆ ಹಾಕಬಾರದು ಅಂತ ನಿಮಗೆ ಹೇಳಬೇಕಾದದ್ದೂ ನಾನು," ಎನ್ನುತ್ತಾರೆ ರೂಪೇಶ್. "ಬೇರೆ ಎಂತಾದರೂ ಉಂಟಾ, ಈಗಲೇ ಹೇಳಿಬಿಡಿ."

"ಸೂಟಿನ ಒಳಗೆ ಸವರುವ ಪೌಡರ್ ಡಬ್ಬಿ ಮುಗಿದು ಮೂರು ದಿನ ಆಯ್ತು. ಅದನ್ನೂ ಹೇಳಿರ್ಲಿಲ್ಲ."

ರೂಪೇಶ್ ನಗುತ್ತಾ ಅಂಗಡಿಯ ಕಡೆಗೆ ಹೋಗುತ್ತಾರೆ.

ದೋಣಿ ಮರಳಲು ಸಾಮಾನ್ಯವಾಗಿ ಒಂದು ಗಂಟೆ ಬೇಕು. ಮೊದಲೇ ಬಂದರೆ ಯಾರೋ ಹಿಂದೆಗೆದಿದ್ದಾರೆ ಎಂದರ್ಥ. ಕಿಟ್ಟನ ದೋಣಿಯ ಎಂಜಿನ್ ಸದ್ದು ಇವರಿಗೆ ಗಂಡನ ಕೆಮ್ಮಿನಷ್ಟು ಪರಿಚಯ. ಎರಡು ಸಲ ಬೇರೆ ದೋಣಿಯ ಸದ್ದಿಗೆ ಕತ್ತು ಎತ್ತಿದರು. ತೋಳಿನ ಮೇಲಂಗಿಗಳನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಒಂದು ಗಂಟೆ ಆಯಿತು. ಒಂದೂಕಾಲು ಆಯಿತು. ಆಮೇಲೆ ಸದ್ದು ಕೇಳಿತು.

ಮುಂದಿನ ಹಲಗೆಯಲ್ಲಿ ಕುಳಿತವರು ಮನೋರಮಾ ಟೀಚರ್. ಹಣೆಯಿಂದ ಮೇಲ್ದುಟಿಯವರೆಗೆ ಮಾಸ್ಕಿನ ಅಂಚಿನ ಕೆಂಪು ಗೆರೆ. ದೋಣಿ ನಿಲ್ಲುವ ಮೊದಲೇ ಕಿಟ್ಟ ಕೂಗಿ ಹೇಳುತ್ತಾರೆ, "ಕಾಲೇಜಿನವರು ಎಲ್ಲ ಮೇಲೆ ಬಂದ್ರು, ಟೀಚರ್ ಮಾತ್ರ ಬರ್ಲಿಕ್ಕೆ ಕೇಳ್ಲಿಲ್ಲ. ಗಾಳಿ ಮುಗೀತಾ ಬಂತು ಅಂತ ಮ್ಯಾಥ್ಯೂ ಸಿಲಿಂಡರ್ ತೋರಿಸಿ ತೋರಿಸಿ ಸಾಕಾದ."

ಮೇಲಂಗಿ ತೊಡಿಸುವಾಗ ಟೀಚರ್ ತೋಳು ಹಾಕಿ, ಗುಂಡಿ ಹಾಕಿಸಿಕೊಂಡು, ನಳಿನಾಕ್ಷಿಯ ಒದ್ದೆ ಕೈಯನ್ನು ಒಮ್ಮೆ ಹಿಡಿದರು.

"ಅಲ್ಲಿ ಒಂದು ಮೀನುಂಟು, ಹಳದಿ, ಇಷ್ಟೇ ದೊಡ್ಡದು. ನನ್ನ ಗಾಜಿನ ಎದುರು ಬಂದು ನಿಂತು ನೋಡಿತು. ನೀವು ನೋಡಿದ್ದೀರಾ?"

"ನಾನು ದಡದವಳು, ಟೀಚರ್."

"ಹದಿನೆಂಟು ವರ್ಷ ಮೀನು ಮಾರಿ, ಅದು ಈಜುದನ್ನು ನೋಡಿಲ್ಲವಾ?"

ನಳಿನಾಕ್ಷಿ ಉಳಿದವರ ಮೇಲಂಗಿ ಹಿಡಿದು ಮುಂದೆ ಹೋದರು.

ಮಧ್ಯಾಹ್ನದ ಹೊತ್ತು ತೊಟ್ಟಿಯಲ್ಲಿ ಸೂಟು ಜಾಲಿಸುವಾಗ, ನಿಮಗೆ ಏನು ಬೇಕು ಎಂದು ಕೇಳಿದರೆ ಅವರ ಉತ್ತರ ಸಿದ್ಧವಾಗಿತ್ತು. ಅಂಗಳದ ಪಶ್ಚಿಮಕ್ಕೆ ನೆರಳಿನ ಹಸಿರು ಬಲೆ ಒಂದು, ಎಂಟು ಮಾರು. ಸಂಜೆಯ ಬಿಸಿಲು ಓರೆಯಾಗಿ ಬಂದು ಸೂಟು ಹಾಳುಮಾಡುತ್ತದೆ. "ಅಷ್ಟು ಆದ್ರೆ ಸಾಕು. ಬೇರೆ ಎಂತ ಬೇಕು?" ಗೋಡೆಯ ಮೊಳೆ ಖಾಲಿಯಾಗಿತ್ತು. ಅವರು ಅದಕ್ಕೆ ತೊಳೆದ ಬೂಟೊಂದನ್ನು ಸಿಕ್ಕಿಸಿದರು.

ಸಂಜೆ ಮನೆಗೆ ಬಂದು ಉಪ್ಪು ಹೋಗುವ ಹಾಗೆ ಸ್ನಾನ ಮಾಡಿ, ಜಗಲಿಯ ಮೆಟ್ಟಿಲಲ್ಲಿ ಕೂತು ತಲೆಗೆ ಎಣ್ಣೆ ಹಾಕುವುದು ಮದುವೆಯಾದ ದಿನದಿಂದ ತಪ್ಪದ ಕ್ರಮ. ಕಿಟ್ಟ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದರು. ನಳಿನಾಕ್ಷಿ ಸೀಸೆಯ ಮುಚ್ಚಳ ತಿರುಗಿಸಿದರು. ಅಂಗೈಯನ್ನು ಬಟ್ಟಲು ಮಾಡಿದರು. ಒಂದು ಗಳಿಗೆ ಹಾಗೇ ಇದ್ದು, ಮುಚ್ಚಳ ಮತ್ತೆ ತಿರುಗಿಸಿ, ಸೀಸೆಯನ್ನು ಗೂಡಿನಲ್ಲಿ ಇಟ್ಟರು.

"ಎಂತ, ಎಣ್ಣೆ ಮುಗೀತಾ?" ಎಂದರು ಕಿಟ್ಟ.

"ಇಲ್ಲ, ಉಂಟು," ಎಂದರು ನಳಿನಾಕ್ಷಿ, ಎಣ್ಣೆಯಿಲ್ಲದ ಕೂದಲನ್ನು ಬಿಗಿಯಾಗಿ ಹೆಣೆಯುತ್ತಾ.